ಡಾಕ್ಟರ್ ಇನ್ಶಿರಾಹ್ ಮತ್ತು ಲೆಕ್ಕಕ್ಕೆ ಬಾರದ ಉಪ್ಪು

ಡಾಕ್ಟರ್ ಇನ್ಶಿರಾಹ್ ಅವರ ಕೈಯಲ್ಲಿ ಅರಿವಳಿಕೆ ತೆಗೆದುಕೊಂಡು ಎದ್ದವರನ್ನು ಅಲೆಕ್ಸಾಂಡ್ರಿಯದ ಬೀದಿಯಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಬೇರೆ ಆಸ್ಪತ್ರೆಗಳಲ್ಲಿ ಹೊಟ್ಟೆ ಕೊಯ್ಯಿಸಿಕೊಂಡವರು ನರಳುತ್ತ, ವಾಂತಿ ಮಾಡುತ್ತ, ಹೆತ್ತವರನ್ನು ಕೂಗುತ್ತ ಏಳುತ್ತಾರೆ. ಇವರ ರೋಗಿಗಳು ಅತ್ತೆ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಒಂದು ನಿದ್ದೆ ತೆಗೆದವರ ಹಾಗೆ ಮೈಮುರಿದು ಏಳುತ್ತಿದ್ದರು. ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಒಬ್ಬ ನಿವೃತ್ತ ನ್ಯಾಯಾಧೀಶರು ಕಣ್ಣು ಬಿಟ್ಟವರೇ, ಒಳಗೆ ಇನ್ನೊಂದು ಕಲ್ಲು ಉಳಿದಿದೆಯೇ ಎಂದು ಆಸೆಯಿಂದ ವಿಚಾರಿಸಿದರಂತೆ. ಟ್ರಾಮಿನ ಒಬ್ಬ ಕಂಡಕ್ಟರ್ ಬಲಗಡೆಯ ಹರ್ನಿಯಾ ಸರಿಮಾಡಿಸಿಕೊಂಡು ಹೋದವನು, ಎಡಗಡೆಯೂ ಬರಲಿ ಎಂದು ಒಂದು ತಿಂಗಳು ಮನೆಯ ಬೀರುವನ್ನು ಒಬ್ಬನೇ ಎತ್ತಿ ಎತ್ತಿ ಇಟ್ಟ. ಇದನ್ನು ನಂಬದವರು ಬಂದು ಬೀರು ನೋಡಬಹುದು.

ಇದರ ಗುಟ್ಟು ಒಗ್ಗರಣೆ. ನಿದ್ದೆ ಬರಿಸುವ ಮದ್ದು ಎಲ್ಲ ಅರಿವಳಿಕೆ ಡಾಕ್ಟರುಗಳ ಹತ್ತಿರವೂ ಒಂದೇ. ಅದು ಬರೀ ಅನ್ನ ಇದ್ದ ಹಾಗೆ. ಅದರ ಮೇಲೆ ಏನು ಬೀಳುತ್ತದೆ ಎಂಬುದರಲ್ಲಿ ಕೈಗುಣ ಇರುವುದು. ಇನ್ಶಿರಾಹ್ ಡಾಕ್ಟರ ಪಕ್ಕದಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಮಸಾಲೆ ಡಬ್ಬಿಯ ಬಟ್ಟಲುಗಳಂತೆ ಸಾಲಾಗಿ ಸಿರಿಂಜುಗಳು. ನೋವು ನೆನಪಾಗದಿರಲು ಚಿಟಿಕೆ ಕೆಟಮಿನ್, ಕೆಮ್ಮು ಬಾರದಿರಲು ಒಂದಿಷ್ಟು ಲಿಡೊಕೇನ್, ಮನಸ್ಸು ತಣ್ಣಗಿರಲು ಒಂದು ಉದ್ದ ಹೆಸರಿನ ಮದ್ದು. ಆ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ರೋಗಿ ಮಲಗಿರುತ್ತಿದ್ದ. ಕೊನೆಗೆ ಮೆಗ್ನೀಸಿಯಂ. ಹೀಗೆ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಬೆರೆಸಿದರೆ ಯಾವುದನ್ನೂ ಹೆಚ್ಚು ಸುರಿಯಬೇಕಾಗುವುದಿಲ್ಲ ಎಂಬುದು ಅವರ ಶಾಸ್ತ್ರ. ಶಾಸ್ತ್ರ ಸರಿಯಾಗಿಯೇ ಇತ್ತು.

ಮನೆಯಲ್ಲೂ ಅವರು ಹೀಗೆಯೇ. ಬೇಯಿಸಿದ ಮೊಟ್ಟೆಯನ್ನು ಜೀರಿಗೆ, ಕೊತ್ತಂಬರಿ, ಮೆಣಸು ಇಲ್ಲದೆ ತಿನ್ನುವವರನ್ನು ಕಂಡರೆ ಅವರಿಗೆ ಕನಿಕರ. ಅವರು ಮುಲೂಖಿಯ್ಯ ಸೊಪ್ಪಿನ ಸಾರು ಮಾಡಿದ ದಿನ ಬೀದಿಯ ಬೆಕ್ಕುಗಳೆಲ್ಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದವು. ಆ ಸಾರಿಗೆ ಬೆಳ್ಳುಳ್ಳಿ ಕೊತ್ತಂಬರಿಯ ಒಗ್ಗರಣೆ ಚುಂಯ್ ಎಂದು ಬೀಳುವ ಗಳಿಗೆಗೆ ಸರಿಯಾಗಿ, ಹಾಕುವ ಹೆಂಗಸು ಹಾವು ಕಂಡವಳಂತೆ ಹಾ ಎಂದು ಉಸಿರು ಒಳಗೆಳೆಯಬೇಕು. ಎಳೆಯದಿದ್ದರೆ ಸಾರಿಗೆ ರುಚಿ ಹತ್ತುವುದಿಲ್ಲ. ಈಜಿಪ್ಟಿನಲ್ಲಿ ಇದನ್ನು ಪ್ರಶ್ನಿಸುವವನು ಇನ್ನೂ ಹುಟ್ಟಿಲ್ಲ. ಇನ್ಶಿರಾಹ್ ಡಾಕ್ಟರಿಗೆ ಅವರ ಅಜ್ಜಿ, ಅಜ್ಜಿಗೆ ಅವರ ಅಜ್ಜಿ ಕಲಿಸಿದ ಈ ಉಸಿರು ಎಷ್ಟು ಗಟ್ಟಿಯಾಗಿತ್ತೆಂದರೆ, ಅವರು ಎಳೆದಾಗ ಎದುರು ಮನೆಯ ಪರದೆ ಇವರ ಕಿಟಕಿಯ ಕಡೆಗೆ ವಾಲುತ್ತಿತ್ತು.

ಈ ಉಸಿರು ಅಡುಗೆಮನೆಯಿಂದ ಅವರ ಜೊತೆಗೇ ಟ್ರಾಮ್ ಹತ್ತಿ ಆಪರೇಷನ್ ಕೋಣೆಗೂ ಬಂದುಬಿಟ್ಟಿತ್ತು. ಒಗ್ಗರಣೆಯ ಸಿರಿಂಜು ಒತ್ತುವಾಗಲೆಲ್ಲ, ಹಾ. ಮೊದಮೊದಲು ಸರ್ಜನ್‌ಗಳು ಬೆಚ್ಚಿ ಕತ್ತರಿ ಬೀಳಿಸುತ್ತಿದ್ದರು. ಉಪಕರಣ ಎತ್ತಿಕೊಡುವ ಕೆಲಸದಲ್ಲಿ ನಾನು ಆ ಕೋಣೆಗೆ ಸೇರುವ ಹೊತ್ತಿಗೆ ಅದು ಹೊರಗಿನ ಟ್ರಾಮಿನ ಗಂಟೆಯ ಹಾಗೆ ಆಗಿಹೋಗಿತ್ತು. ಎಲ್ಲರ ಕಿವಿಗೂ ಬೀಳುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಮುಅಲ್ಲಿಮ್ ಜಗ್ಲೂಲನ ಗಂಟಲು ಬಂತು.

ಜಗ್ಲೂಲ್ ಅನ್ಫೂಶಿಯ ಮೀನು ಪೇಟೆಯಲ್ಲಿ ಹರಾಜು ಕೂಗುವವನು. ಮುಅಲ್ಲಿಮ್ ಎಂದರೆ ಆ ಕಸುಬಿನವರಿಗೆಲ್ಲ ಹಿರಿಯ, ಯಜಮಾನ. ಅವನ ದನಿಯ ಬಗ್ಗೆ ನಾನು ಹೇಳುವುದನ್ನು ಅರ್ಧಕ್ಕೆ ಇಳಿಸಿಕೊಂಡರೂ ನಿಮ್ಮ ಕಿವಿಗೆ ಹೆಚ್ಚಾಗುತ್ತದೆ. ಅವನು ಬೆಳಗ್ಗೆ ಬೂತಾಯಿ ಮೀನಿನ ಬೆಲೆ ಕೂಗಿದರೆ ಆಚೆ ದಡದ ಸೈಪ್ರಸ್ಸಿನಲ್ಲಿ ಹೆಂಗಸರು ಹೆಚ್ಚಾಯಿತೆಂದು ಗೊಣಗುತ್ತಿದ್ದರು. ಮಂಜು ಕವಿದ ದಿನ ಗ್ರೀಸಿನ ಒಂದು ಹಡಗು ಅವನ ಕೂಗನ್ನೇ ಬಂದರಿನ ಸೈರನ್ ಎಂದುಕೊಂಡು ಬಂದು, ನೇರ ಪೇಟೆಯ ಮುಂದೆ ಲಂಗರು ಹಾಕಿತು. ಕ್ಯಾಪ್ಟನ್ ಇಳಿದು ಎರಡು ಬುಟ್ಟಿ ಸಿಗಡಿ ಕೊಂಡುಕೊಂಡು ಹೋದ.

ಆ ದನಿಯ ಬುಡದಲ್ಲೇ ಒಂದು ಗಳಗಂಡ ಬೆಳೆಯುತ್ತಿತ್ತು. ಮೊದಲು ಲಿಂಬೆಯಷ್ಟು, ಆಮೇಲೆ ಬದನೆಕಾಯಿಯಷ್ಟು. ಮಲಗಿದರೆ ಉಸಿರು ಕಟ್ಟುತ್ತಿತ್ತು, ತೆಗೆಯದೆ ಗತಿಯಿರಲಿಲ್ಲ. ಆದರೆ ಹಾಗೆ ಊದಿದ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಎರಡು ಕಡೆಯೂ ದಾರದಂಥ ಒಂದೊಂದು ನರ ಅಂಟಿಕೊಂಡಿರುತ್ತದೆ. ದನಿ ಹೊರಡಿಸುವುದು ಆ ನರಗಳೇ. ಒಂದು ಎಳೆ ಜಾಸ್ತಿ ಜಗ್ಗಿದರೂ ದನಿ ಹೋಯಿತು. ರೊಸೆಟ್ಟಾ ಊರಿನ ಒಬ್ಬ ಹರಾಜಿನವನಿಗೆ ಹಾಗೇ ಆಗಿ, ಅವನು ಈಗ ಪೀಪಿ ಊದಿ ಮೀನು ಮಾರುತ್ತಾನೆಂದು ಜಗ್ಲೂಲನಿಗೆ ಯಾರೋ ಹೇಳಿದ್ದರು. ಅವನು ಮೂರು ಸಲ ಆಸ್ಪತ್ರೆಯ ಬಾಗಿಲವರೆಗೆ ಬಂದು, ಬಾಗಿಲು ಕಾಯುವವನಿಗೆ ಸಲಾಮು ಹೇಳಿ ವಾಪಸ್ಸು ಹೋದ.

ನಾಲ್ಕನೆಯ ಸಲ ಅವನ ಹೆಂಡತಿ ಹುಸ್ನಿಯ್ಯ ಅವನ ತೋಳು ಹಿಡಿದು ಒಳಗೆ ತಂದಳು. ಅವನು ಇನ್ಶಿರಾಹ್ ಡಾಕ್ಟರ ಮುಂದೆ ಕೂತು, ಕತ್ತು ಒಡ್ಡಿ, ಜೀವಮಾನದಲ್ಲೇ ಮೊದಲ ಬಾರಿ ಮೆಲ್ಲಗೆ ಮಾತಾಡಿದ. "ಡಾಕ್ಟ್ರಮ್ಮ, ನನಗೆ ಓದು ಇಲ್ಲ, ಬಲ ಇಲ್ಲ, ದೋಣೀನೂ ಇಲ್ಲ. ಇರೋದೆಲ್ಲ ಈ ಗಂಟಲಲ್ಲೇ ಇದೆ. ಅದೊಂದು ವಾಪಸ್ ಕೊಡ್ತೀರಾ?"

"ಕೊಡದೆ ನಾನೇನು ಮಾಡ್ಲಿ ಅದನ್ನ ಇಟ್ಕೊಂಡು?" ಎಂದರು ಇನ್ಶಿರಾಹ್. "ನಿನ್ನ ದನಿ ಹೋದ್ರೆ, ನಾಳೆಯಿಂದ ನಾನೇ ಬಂದು ನಿನ್ನ ಕಟ್ಟೆ ಮೇಲೆ ನಿಂತು ಕೂಗ್ತೀನಿ ಕಣೋ."

ಜಗ್ಲೂಲ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಗಾದರೆ ಮೀನು ಕೊಳೆಯುವುದು ಗ್ಯಾರಂಟಿ ಎಂದ. ಆದರೂ ಒಪ್ಪಿದ.

ಸರ್ಜನ್ ವಗೀಹ್ ಚಿಕ್ಕ ವಯಸ್ಸಿನವರು, ಕೈ ಚುರುಕು, ಎದೆ ಪುಕ್ಕಲು. ಜಗ್ಲೂಲನ ಗಂಟಲಿಗೆ ಕೈ ಹಾಕಬೇಕೆಂದು ಕೇಳಿ ಅವರ ಊಟ ಕಮ್ಮಿಯಾಯಿತು. ಏನಾದರೂ ಎಡವಟ್ಟಾದರೆ ಇಡೀ ಮೀನು ಪೇಟೆ ತಮ್ಮ ಮನೆ ಮುಂದೆ ಮುಳ್ಳು ಸುರಿಯುತ್ತದೆಂದು ಅವರಿಗೆ ಗೊತ್ತಿತ್ತು. ಅವರು ಕೈರೋದಿಂದ ನರ ಕಾಯುವ ಯಂತ್ರವೊಂದನ್ನು ತರಿಸಿದರು. ಯಂತ್ರದ ಜೊತೆಗೆ ಅದನ್ನು ನೋಡಿಕೊಳ್ಳುವ ಎಂಜಿನಿಯರ್ ರುಶ್ದಿಯೂ ಬಂದ.

ಯಂತ್ರದ ಕೆಲಸ ಸುಲಭ. ಉಸಿರಾಟಕ್ಕೆಂದು ಗಂಟಲಿಗಿಳಿಸುವ ಕೊಳವೆಗೆ ತಂತಿ ಸುತ್ತಿರುತ್ತದೆ; ಅದು ದನಿಯ ತಂತುಗಳಿಗೆ ತಾಗಿಕೊಂಡು ಕೂರುತ್ತದೆ. ಸರ್ಜನ್ ಒಂದು ಸಣ್ಣ ಕಡ್ಡಿಯಿಂದ ನರವನ್ನು ಮುಟ್ಟಿದರೆ, ನರ ನೆಟ್ಟಗಿದ್ದಲ್ಲಿ ತಂತು ಅದುರಿ ಯಂತ್ರ ಟಕ್ ಟಕ್ ಎನ್ನುತ್ತದೆ. ಸದ್ದಿದ್ದರೆ ದನಿಯಿದೆ. ಸದ್ದಿಲ್ಲದಿದ್ದರೆ ಪೀಪಿ ಕೊಳ್ಳಬೇಕು.

ಆದರೆ ಯಂತ್ರಕ್ಕೆ ಒಂದು ಪಥ್ಯವಿತ್ತು. ಅದನ್ನು ಇನ್ಶಿರಾಹ್ ಡಾಕ್ಟರಿಗೆ ತಿಳಿಸುವ ಕೆಲಸ ರುಶ್ದಿಯ ಪಾಲಿಗೆ ಬಂತು. ಕೊಳವೆ ಇಳಿಸಲು ಸ್ನಾಯು ಸಡಿಲಿಸುವ ಮದ್ದು ಒಂದೇ ಸಲ, ಅದೂ ಕಡಿಮೆ, ಆಮೇಲೆ ಇಲ್ಲ. ಗಂಟಲು ಮರಗಟ್ಟಿಸುವ ಸ್ಪ್ರೇ ಇಲ್ಲ. ಮಿಕ್ಕ ಒಗ್ಗರಣೆಗಳಲ್ಲಿ ಕೆಲವು ಯಂತ್ರಕ್ಕೆ ತೊಂದರೆ ಕೊಡುವುದಿಲ್ಲ, ಕೆಲವು ಕೊಡುತ್ತವೆ, ಆದರೆ ಎಲ್ಲ ಸೇರಿದ ಮೇಲೆ ಸದ್ದು ಅಡಗಿಸಿದ್ದು ಯಾವುದೆಂದು ಹುಡುಕುವುದು ತನ್ನಿಂದಾಗದು. ಆದ್ದರಿಂದ ಈ ಸಲಕ್ಕೆ ಯಾವುದೂ ಬೇಡ ಎಂದು ಅವನು ಬಹಳ ಮರ್ಯಾದೆಯಿಂದ ವಿನಂತಿಸಿದ.

ಕೈರೋದಿಂದ ಬಂದವನೊಬ್ಬ ತಮ್ಮ ಮನೆಯ ಮೇಜಿನ ಮುಂದೆ ಕೂತು ಬರೀ ಗಂಜಿ ಕೊಡಿ ಎಂದ ಹಾಗಾಗಿತ್ತು ಇನ್ಶಿರಾಹ್ ಡಾಕ್ಟರಿಗೆ. "ಅವನು ನೋವಲ್ಲಿ ಎದ್ರೆ ಬೈಗುಳ ತಿನ್ನೋರು ಯಾರು, ನಿನ್ನ ಯಂತ್ರಾನಾ?" ಎಂದು ಕೇಳಿದರು. ಆದರೆ ಜಗ್ಲೂಲನಿಗೆ ಕೊಟ್ಟ ಮಾತು ನೆನಪಿತ್ತು. ತಟ್ಟೆಯಲ್ಲಿದ್ದ ಬಣ್ಣಬಣ್ಣದ ಚೀಟಿಯ ಸಿರಿಂಜುಗಳನ್ನು ಒಂದೊಂದಾಗಿ ಎತ್ತಿ, ಸತ್ತ ನೆಂಟರನ್ನು ಬೀಳ್ಕೊಡುವಂತೆ ಡ್ರಾಯರಿನೊಳಗೆ ಮಲಗಿಸಿದರು. ಒಂದು ಸಿರಿಂಜು ತಟ್ಟೆಯಲ್ಲಿ ಉಳಿಯಿತು. ಅದನ್ನು ಅವರೂ ನೋಡಲಿಲ್ಲ, ನಾವೂ ನೋಡಲಿಲ್ಲ.

ಮಾರನೆಯ ಬೆಳಗ್ಗೆ ಜಗ್ಲೂಲ್ ಮಲಗಿದ. ಗೊರಕೆ ಹೊಡೆಯಬಾರದೆಂದು ಕೊಳವೆ ಬೇಗ ಇಳಿಸಿದರು. ಇಲ್ಲದಿದ್ದರೆ ಪಕ್ಕದ ಕೋಣೆಯಲ್ಲಿ ಕಣ್ಣಿನ ಆಪರೇಷನ್ ನಿಲ್ಲುತ್ತಿತ್ತು. ಸಡಿಲಿಸುವ ಮದ್ದಿನ ಬಲ ಇಳಿಯುತ್ತಿದ್ದಂತೆ ವಗೀಹ್ ಕತ್ತು ಕೊಯ್ದು ಬಲಗಡೆಯ ನರವನ್ನು ಕಡ್ಡಿಯಿಂದ ಮುಟ್ಟಿದರು. ಟಕ್ ಟಕ್ ಟಕ್. ಅಂಥ ಗಟ್ಟಿ ಸದ್ದನ್ನು ಈ ಯಂತ್ರದಲ್ಲಿ ತಾನು ಹಿಂದೆ ಕೇಳಿಲ್ಲವೆಂದು ರುಶ್ದಿ ದನಿಯನ್ನು ತಗ್ಗಿಸುವ ಗುಂಡಿ ಹುಡುಕಿದ. ಬಲಗಡೆಯ ಗಂಟು ಚೆನ್ನಾಗಿ ಹೊರಬಂತು. ನರ ಮತ್ತೆ ಮುಟ್ಟಿದರು, ಟಕ್ ಟಕ್. ವಗೀಹ್ ಮುಖವಾಡದೊಳಗೆ ನಕ್ಕದ್ದು ಕಣ್ಣಲ್ಲಿ ಗೊತ್ತಾಯಿತು.

ಎಡಗಡೆ ಶುರುವಾಯಿತು. ಬೇರೆ ಒಗ್ಗರಣೆ ಇಲ್ಲದ್ದಕ್ಕೋ ಏನೋ ಜಗ್ಲೂಲನ ಎದೆ ಡಬಡಬ ಓಡತೊಡಗಿತು, ರಕ್ತದೊತ್ತಡ ಮೇಲೆ ಹತ್ತಿತು. ವಗೀಹ್ ಗಂಟನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದು ಹಿಡಿದು, ಅದರ ಹಿಂದಿನ ನರವನ್ನು ಬಿಡಿಸುತ್ತಿದ್ದರು. ಟಕ್ ಟಕ್ ಟಕ್. ನಾನು ಹತ್ತಿ ಎತ್ತಿಕೊಡುತ್ತಿದ್ದೆ. ತಲೆಯ ಕಡೆಯ ಪರದೆಯಾಚೆ ಎಲ್ಲೋ, ಹಾ.

ಸ್ವಲ್ಪ ಹೊತ್ತಿನಲ್ಲಿ ಯಂತ್ರ ಟಕ್ ಎಂದಿತು. ಆಮೇಲೆ ಟಿಕ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ವಗೀಹ್ ಕಡ್ಡಿಯನ್ನು ಇನ್ನೊಮ್ಮೆ ಇಟ್ಟರು. ಸದ್ದಿಲ್ಲ. ಸ್ವಲ್ಪ ಮೇಲಿಟ್ಟರು. ಇಲ್ಲ. ಗಂಟಿನಿಂದ ಕೈ ತೆಗೆದು ನಿಂತರು. ಅವರ ಹಣೆಯ ಬೆವರು ನೋಡಿದರೆ, ಮೀನು ಪೇಟೆಯವರು ಬುಟ್ಟಿಗಳೊಂದಿಗೆ ಅವರ ಕಣ್ಣ ಮುಂದೆಯೇ ನಡೆದು ಬರುತ್ತಿದ್ದರೆಂದು ತೋರುತ್ತಿತ್ತು.

"ಎಳೆದುಬಿಟ್ನಾ?" ಎಂದರು, ಯಾರನ್ನೂ ಕೇಳದೆ.

ರುಶ್ದಿ ತಂತಿಗಳನ್ನೆಲ್ಲ ನೋಡಿದ. ಕೊಳವೆ ಜರುಗಿದೆಯೇ ಎಂದು ಇನ್ಶಿರಾಹ್ ಡಾಕ್ಟರ್ ನೋಡಿದರು, ಜರುಗಿರಲಿಲ್ಲ. ರುಶ್ದಿ ಯಂತ್ರವನ್ನು ಆರಿಸಿ ಹಚ್ಚಿ, ಒಮ್ಮೆ ಪಕ್ಕೆಗೆ ಮೆಲ್ಲಗೆ ತಟ್ಟಿಯೂ ನೋಡಿದ. ನಮ್ಮ ಕಡೆ ಟೀವಿ ಆದರೆ ಅಷ್ಟಕ್ಕೆ ಸರಿಹೋಗುತ್ತದೆ. ಕೊನೆಗೆ, ಬಲಗಡೆಯ ನರವನ್ನು ಇನ್ನೊಮ್ಮೆ ಮುಟ್ಟಿ ನೋಡಿ ಎಂದ. ಆಗಷ್ಟೇ ಕಿವಿ ಕಿತ್ತುಹೋಗುವಂತೆ ಉತ್ತರ ಕೊಟ್ಟ ನರ ಅದು. ವಗೀಹ್ ಮುಟ್ಟಿದರು. ಅದೂ ಮೂಕ.

ಎಡಗಡೆ ಎಳೆದರೆ ಬಲಗಡೆಯ ನರ ಯಾಕೆ ಸಾಯುತ್ತದೆ? ಎರಡೂ ನರ ಒಂದೇ ಗಳಿಗೆಯಲ್ಲಿ ಮುನಿಸಿಕೊಳ್ಳಬೇಕಾದರೆ ಅದಕ್ಕೆ ಕಾರಣ ಚಾಕುವಲ್ಲ, ಮದ್ದು. ಎಲ್ಲರ ಕಣ್ಣೂ ತಲೆಯ ಕಡೆ ಕೂತ ಡಾಕ್ಟರ್ ಇನ್ಶಿರಾಹ್ ಅವರತ್ತ ಹೋಯಿತು.

ಅವರಿಗೆ ಸಿಟ್ಟು ಬಂತು. ಕೊಟ್ಟ ಮಾತನ್ನು ತಾವು ಅಕ್ಷರಶಃ ಪಾಲಿಸಿದ್ದಾಗಿ ಹೇಳಿದರು. ಕೆಟಮಿನ್ ಡ್ರಾಯರಿನಲ್ಲಿದೆ, ಲಿಡೊಕೇನ್ ಡ್ರಾಯರಿನಲ್ಲಿದೆ, ಉದ್ದ ಹೆಸರಿನದೂ ಅಲ್ಲೇ ಇದೆ, ಬಂದು ನೋಡಿಕೊಳ್ಳಿ ಎಂದು ಡ್ರಾಯರನ್ನು ಪೂರ್ತಿ ಎಳೆದು ತೋರಿಸಿದರು. ತಮ್ಮ ತಂದೆಯ ಮೇಲೆ, ತಾಯಿಯ ಮೇಲೆ, ಟಾಂಟಾ ಊರಿನ ಸಂತರ ಗೋರಿಯ ಮೇಲೆ ಆಣೆ ಇಟ್ಟರು. ಈ ಸಪ್ಪೆ ಅಡುಗೆಗೆ ತಾವು ಒಂದು ಎಸಳು ಮಸಾಲೆಯನ್ನೂ ಹಾಕಿಲ್ಲ ಎಂದರು.

ವಗೀಹ್ ಕೈಗಳನ್ನು ಎದೆಯ ಮುಂದೆ ಕಟ್ಟಿಕೊಂಡು ನಿಂತಿದ್ದರು. ನಿಧಾನವಾಗಿ ಅವರ ಹುಬ್ಬುಗಳು ಮೇಲೆದ್ದವು. "ಡಾಕ್ಟ್ರಮ್ಮ, ತಪ್ಪು ತಿಳ್ಕೋಬೇಡಿ. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಹಾ ಅಂತ ಉಸಿರೆಳೆದ್ರಲ್ಲ, ಅದು ಯಾತಕ್ಕೆ?"

"ನಾನೆಲ್ಲಿ ಎಳೆದೆ?"

ಎಳೆದಿರಿ ಎಂದು ನರ್ಸ್ ಹೇಳಿದಳು. ನಾನೂ ಹೇಳಿದೆ. ಊರಿಗೆ ಹೊಸಬನಾದ ರುಶ್ದಿ, ತನ್ನ ತಾಯಿ ನೆನಪಾಗಿ ಕಣ್ಣು ತುಂಬಿಬಂದಿತ್ತೆಂದು ಹೇಳಿದ. ಈಜಿಪ್ಟಿನಲ್ಲಿ ಆ ಉಸಿರು ಬರಿದೇ ಬರುವುದಿಲ್ಲ. ಅದರ ಹಿಂದೆ ಏನೋ ಒಂದು ಪಾತ್ರೆಗೆ ಬಿದ್ದಿರಲೇಬೇಕು.

ಇನ್ಶಿರಾಹ್ ಡಾಕ್ಟರ್ ತಮ್ಮ ತಟ್ಟೆಯ ಕಡೆ ನೋಡಿದರು. ಅಲ್ಲಿ ಒಂದು ಸಿರಿಂಜು ಖಾಲಿಯಾಗಿ ಬಿದ್ದಿತ್ತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದಾ?" ಎಂದರು. "ಇದು ಬರೀ ಉಪ್ಪಲ್ವಾ?"

"ಯಾವ ಉಪ್ಪು?"

"ಮೆಗ್ನೀಸಿಯಂ ಉಪ್ಪು. ರಕ್ತದೊತ್ತಡ ಏರ್ತಿತ್ತು, ಒಂಚೂರು ಹಾಕಿದೆ. ಮಸಾಲೆ ಬೇಡ ಅಂದ್ರಿ, ಹಾಕ್ಲಿಲ್ಲ. ಉಪ್ಪನ್ನ ಯಾರಾದ್ರೂ ಮಸಾಲೆ ಲೆಕ್ಕಕ್ಕೆ ತಗೋತಾರಾ?" ಮಾತು ಅರ್ಧಕ್ಕೆ ನಿಂತಿತು. ಮಸಾಲೆ ಬೇಡ ಎಂದಾಗ ಯಾವ ಅಡುಗೆಯವಳೂ ಉಪ್ಪು ಬಿಡುವುದಿಲ್ಲ. ಅವರ ಕೈ ಬಿಟ್ಟಿರಲಿಲ್ಲ. ಆದರೆ ಅವರು ಬರೀ ಅಡುಗೆಯವರಲ್ಲವಲ್ಲ. ಒಳಗಿನ ಡಾಕ್ಟರ್ ಎಚ್ಚರವಾದದ್ದು ಮುಖದಲ್ಲೇ ಕಂಡಿತು. ಸಡಿಲಿಸುವ ಮದ್ದಿನ ತಳದ ಗಸಿ ಮೈಯಲ್ಲಿ ಇನ್ನೂ ಉಳಿದಿರುವಾಗ ಮೆಗ್ನೀಸಿಯಂ ಬಿದ್ದರೆ, ಏಳುತ್ತಿದ್ದ ಸ್ನಾಯುಗಳು ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತವೆ. ನರ ಪಾಪ ಕೂಗುತ್ತಲೇ ಇರುತ್ತದೆ; ಕೇಳಿ ಅದುರಬೇಕಾದ ತಂತು ನಿದ್ದೆಯಲ್ಲಿರುತ್ತದೆ.

ಅವರು ಜಗ್ಲೂಲನ ಮಣಿಕಟ್ಟಿಗೆ ಸಣ್ಣ ಕರೆಂಟು ಕೊಟ್ಟು ನೋಡಿದರು. ಹೆಬ್ಬೆರಳು ಸರಿಯಾಗಿ ಕುಣಿಯಬೇಕಿತ್ತು. ಅದು ಒಂದು ಸಲ ಸೋಮಾರಿಯಾಗಿ ಅಲುಗಾಡಿ, ಎರಡನೆಯದಕ್ಕೆ ಬೇಜಾರು ಮಾಡಿಕೊಂಡು, ಆಮೇಲೆ ಮಲಗಿಬಿಟ್ಟಿತು.

"ನಂದೇ," ಎಂದರು ಇನ್ಶಿರಾಹ್. "ನಿನ್ನ ಕೈ ತಪ್ಪಿಲ್ಲ ವಗೀಹ್. ನಂದೇ. ನರ ಸತ್ತಿಲ್ಲ, ನಾನು ಮೈಯನ್ನ ಮಲಗಿಸಿದೀನಿ."

ಹಾಗೆಂದು ನಂಬಬಹುದಿತ್ತು. ಆದರೆ ಎಡ ನರಕ್ಕೆ ಎರಡೂ ಆಗಿರಬಹುದಲ್ಲ, ಮದ್ದೂ ತಾಗಿ, ಎಳೆತವೂ ತಾಗಿ? ಅದು ಸದ್ದು ಬಂದ ಮೇಲೆಯೇ ಗೊತ್ತಾಗಬೇಕು. ಸಡಿಲಿಕೆಯನ್ನು ತಕ್ಷಣ ಇಳಿಸುವ ದುಬಾರಿ ಮದ್ದೊಂದಿತ್ತು. ಅದನ್ನಿಟ್ಟ ಕಪಾಟಿನ ಬೀಗದ ಕೈ ಔಷಧಿ ಉಗ್ರಾಣದವನ ಜೇಬಿನಲ್ಲಿತ್ತು, ಉಗ್ರಾಣದವನು ಎದುರಿನ ಬೀದಿಯಲ್ಲಿ ಬೇಯಿಸಿದ ಬಟಾಣಿಯ ಗಾಡಿ ಹುಡುಕಿಕೊಂಡು ಹೋಗಿದ್ದ. ಇನ್ಶಿರಾಹ್ ಡಾಕ್ಟರ ಕೈ ಮತ್ತೊಂದು ಸಿರಿಂಜಿನತ್ತ ಹೊರಟಿತು: ಒಂದಿಷ್ಟು ಕ್ಯಾಲ್ಸಿಯಂ ಹಾಕಿದರೆ ಉಪ್ಪು ಸ್ವಲ್ಪ ಮುರಿದೀತು.

ವಗೀಹ್ ಬೇಡಿಕೊಂಡರು. "ಹೆಚ್ಚಾದ ಉಪ್ಪಿಗೆ ಹುಳಿ, ಹುಳಿಗೆ ಬೆಲ್ಲ, ಹೀಗೇ ಹೋದ್ರೆ ನಾಳೆ ಬೆಳಗ್ಗೆ ಆಗುತ್ತೆ ತಾಯಿ. ಸುಮ್ನೆ ಕಾಯೋಣ."

ಇನ್ಶಿರಾಹ್ ಡಾಕ್ಟರ ಬದುಕಿನಲ್ಲೇ ಅದಕ್ಕಿಂತ ಕಷ್ಟದ ಕೆಲಸ ಬಂದಿರಲಿಲ್ಲ. ಏನೂ ಹಾಕದೆ ಕಾಯುವುದು. ಕೈಗಳು ತಾವಾಗಿಯೇ ತಟ್ಟೆಯ ಕಡೆ ಹರಿಯುತ್ತಿದ್ದವು. ಕೊನೆಗೆ ಅವರು ಸ್ಟೂಲಿನ ಮೇಲೆ ಎರಡೂ ಅಂಗೈಗಳನ್ನು ಊರಿ, ಅವುಗಳ ಮೇಲೆ ತಾವೇ ಕುಳಿತುಬಿಟ್ಟರು. ತೂಕವಿದ್ದ ಹೆಂಗಸು. ಕೈಗಳು ಇನ್ನು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ನಿದ್ದೆಯ ಮದ್ದು ಪಂಪಿನಿಂದ ತನ್ನ ಪಾಡಿಗೆ ಹರಿಯುತ್ತಿತ್ತು. ಜಗ್ಲೂಲನ ತೆರೆದ ಕತ್ತಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಲ್ಲರೂ ಯಂತ್ರದ ಕಡೆ ಮುಖ ಮಾಡಿ ನಿಂತೆವು.

ಸುಮ್ಮನೆ ನಿಲ್ಲುವುದು ಅಲೆಕ್ಸಾಂಡ್ರಿಯದವರ ರಕ್ತದಲ್ಲಿಲ್ಲ. ಮುಲೂಖಿಯ್ಯ ಸೊಪ್ಪಿಗೆ ಮೊಲದ ಮಾಂಸವೇ ಸರಿ ಎಂದು ರುಶ್ದಿ ಬಾಯಿತಪ್ಪಿ ಹೇಳಿದ. ನಮ್ಮ ಊರಿನಲ್ಲಿ ಅದಕ್ಕೆ ಸಿಗಡಿ ಹಾಕುತ್ತಾರೆ. ನರ್ಸ್ ಅವನನ್ನು ಅನಾಥ ಮಗುವನ್ನು ನೋಡುವಂತೆ ನೋಡಿದಳು. ಸಮುದ್ರ ಕಾಣದವರು ಮೊಲ ತಿನ್ನದೆ ಇನ್ನೇನು ಮಾಡಿಯಾರು ಎಂದು ವಗೀಹ್ ಅಂದರು. ಕೈರೋದ ಮೊಲಗಳು ಅಲೆಕ್ಸಾಂಡ್ರಿಯದ ಸರ್ಜನ್‌ಗಳಿಗಿಂತ ಧೈರ್ಯದವು ಎಂದು ರುಶ್ದಿ ಅಂದ. ಜಗಳ ಎಷ್ಟು ಕಾವೇರಿತೆಂದರೆ, ಆ ಕೋಣೆಯಲ್ಲಿ ರಕ್ತದೊತ್ತಡ ಸರಿಯಿದ್ದವನು ಜಗ್ಲೂಲ್ ಒಬ್ಬನೇ. ಇನ್ಶಿರಾಹ್ ಡಾಕ್ಟರ್ ಮಾತ್ರ ಬಾಯಿ ಹಾಕಲಿಲ್ಲ. ಅಡುಗೆಯ ವಿಷಯದಲ್ಲಿ ಅವರು ಮೌನವಾಗಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಾನಾಗಿಯೇ ಆಗಾಗ ಕರೆಂಟು ತಾಗುತ್ತಿದ್ದ ಜಗ್ಲೂಲನ ಹೆಬ್ಬೆರಳನ್ನೇ ಅವರು ನೋಡುತ್ತಿದ್ದರು.

ಸಿಗಡಿಯ ಪಕ್ಷ ಗೆಲ್ಲುವ ಹಂತಕ್ಕೆ ಬಂದಿತ್ತು. "ಬೆರಳು ಕುಣೀತಿದೆ, ಮುಟ್ಟಿ ನೋಡು," ಎಂದರು ಇನ್ಶಿರಾಹ್.

ವಗೀಹ್ ಮೊದಲು ಬಲಗಡೆ ಮುಟ್ಟಿದರು. ಟಿಕ್. ಅದಾದ ಮೇಲೆ ಟಕ್. ಕಡ್ಡಿ ಎಡಗಡೆಗೆ ಹೋಯಿತು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ವಗೀಹ್ ಮುಚ್ಚಿದ ಕಣ್ಣು ತೆರೆಯದೆಯೇ ಕಡ್ಡಿಯನ್ನು ಕೂದಲೆಳೆಯಷ್ಟು ಜರುಗಿಸಿದರು.

ಟಕ್ ಟಕ್ ಟಕ್ ಟಕ್.

ಮೊಲದ ಪಕ್ಷದವನು ಸಿಗಡಿಯ ಪಕ್ಷದವಳ ಕೈ ಕುಲುಕಿದ. ಆಮೇಲೆ ಇಬ್ಬರಿಗೂ ಕೈ ತೊಳೆದುಕೊಳ್ಳಬೇಕಾಯಿತು.

ಉಳಿದ ಗಂಟು ಹೊರಬರುವವರೆಗೂ ಡಾಕ್ಟರ್ ಇನ್ಶಿರಾಹ್ ಕೈಗಳ ಮೇಲಿಂದ ಏಳಲಿಲ್ಲ. ಪಂಪಿನ ಗುಂಡಿ ಒತ್ತಬೇಕಾದಾಗ ಒಂದು ಕೈಯನ್ನು ಮಾತ್ರ ಜಾಮೀನಿನ ಮೇಲೆ ಬಿಟ್ಟರು. ಕತ್ತು ಹೊಲಿದಾಯಿತು, ಕೊಳವೆ ಹೊರಬಂತು. ಯಂತ್ರ ಹೇಳುವುದು ಬೇರೆ, ಗಂಟಲು ಹೇಳುವುದು ಬೇರೆ. ನಾವೆಲ್ಲ ಅವನ ಮುಖದ ಮೇಲೆ ಬಾಗಿದೆವು.

ಜಗ್ಲೂಲ್ ಕೆಮ್ಮಿದ. ಇನ್ಶಿರಾಹ್ ಡಾಕ್ಟರ ರೋಗಿ ಕೆಮ್ಮಿದ್ದೇ ಒಂದು ಸುದ್ದಿ. ಬಾಯಿ ತೆರೆದ, ಗಾಳಿ ಬಂತು, ದನಿ ಬರಲಿಲ್ಲ. ವಗೀಹ್ ಗೋಡೆ ಹಿಡಿದುಕೊಂಡರು. ಜಗ್ಲೂಲ್ ಎಂಜಲು ನುಂಗಿ, ಮುಖ ಕಿವಿಚಿ, ಇನ್ನೊಮ್ಮೆ ಬಾಯಿ ತೆರೆದ.

"ನನ್ನ ಗಂಟಲಲ್ಲಿ ಒಲೆ ಹಚ್ಚಿದ ನಾಯಿ ಯಾವನು?"

ಆ ಮಾತು ಎರಡು ಬಾಗಿಲು ದಾಟಿ ಟ್ರಾಮ್ ನಿಲ್ದಾಣಕ್ಕೆ ತಲುಪಿತು. ಹೊರಟಿದ್ದ ಟ್ರಾಮ್ ನಿಂತಿತು. ಅದಾದ ಮೇಲೆ ಅವನು ಆಸ್ಪತ್ರೆಯನ್ನು, ಹಾಸಿಗೆಯನ್ನು, ಸರ್ಜನ್‌ನ ಏಳು ತಲೆಮಾರನ್ನು ಬಿಡಿಬಿಡಿಯಾಗಿ ಬೈದ. ಬೈಗುಳದ ಒಂದು ಅಕ್ಷರವೂ ಒಡೆದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಬ್ಬ ರೋಗಿಯಿಂದಲೂ ಒಂದು ಕೆಟ್ಟ ಮಾತು ಕೇಳದ ಇನ್ಶಿರಾಹ್ ಡಾಕ್ಟರ್ ಅವನ ತಲೆಯ ಬಳಿ ನಿಂತು, ಮೊಮ್ಮಗ ಮೊದಲ ಮಾತಾಡಿದ್ದನ್ನು ಕೇಳುವ ಅಜ್ಜಿಯಂತೆ ಕಣ್ಣೊರೆಸಿಕೊಳ್ಳುತ್ತ, ಇನ್ನೂ ಬೈಯಿ ಮಗನೇ ಎಂದು ಬೆನ್ನು ಸವರಿದರು. ಆಮೇಲೆ ನೋವಿನ ಮದ್ದು ಕೊಟ್ಟರು. ಧಾರಾಳವಾಗಿಯೇ.

ಮರುದಿನ ಅವರು ಅವನ ಹಾಸಿಗೆಯ ಪಕ್ಕ ಕೂತು, ನಡೆದದ್ದನ್ನೆಲ್ಲ ಹೇಳಿದರು. ಉಪ್ಪಿನ ವಿಷಯ, ಯಂತ್ರ ಮೂಕವಾದದ್ದು, ತಪ್ಪು ತಮ್ಮದೆಂಬುದು. ಜಗ್ಲೂಲ್ ಕೇಳಿಸಿಕೊಂಡ. ಹುಸ್ನಿಯ್ಯ ಬಟ್ಟಲು ತೊಳೆಯಲು ಹೊರಗೆ ಹೋಗಿದ್ದಳು; ಅವಳು ಇನ್ನೂ ಬರುತ್ತಿಲ್ಲವೆಂದು ಬಾಗಿಲ ಕಡೆ ನೋಡಿಕೊಂಡು ಅವನು ದನಿ ತಗ್ಗಿಸಿದ.

"ಅಂದ್ರೆ ಆ ಮದ್ದು ಹಾಕಿದ್ರೆ ಸ್ವಲ್ಪ ಹೊತ್ತು ದನಿ ನಿಲ್ಲುತ್ತೆ, ಆಮೇಲೆ ವಾಪಸ್ ಬರುತ್ತೆ?"

"ಹೆಚ್ಚುಕಮ್ಮಿ ಹಾಗೇ."

"ಡಾಕ್ಟ್ರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಹುಸ್ನಿಯ್ಯಂಗೆ ಹೇಳ್ಬೇಡಿ. ದಿನಾ ಸಾಯಂಕಾಲ ಟೀಗೆ ಹಾಕಿ ಕೊಡ್ತಾಳೆ."

ಕೆಲವು ವಾರಗಳ ನಂತರ ಅವನು ಮತ್ತೆ ಕಟ್ಟೆ ಹತ್ತುವ ದಿನ ಗೊತ್ತಾಯಿತು. ಹಾಸಿಗೆಯಲ್ಲಿ ಬೈಯುವುದು ಬೇರೆ, ಪೇಟೆಯ ಗದ್ದಲದ ಮೇಲೆ ಕೂಗುವುದು ಬೇರೆ. ಅದನ್ನು ಕಿವಿಯಾರೆ ಕೇಳದೆ ಇನ್ಶಿರಾಹ್ ಡಾಕ್ಟರಿಗೆ ಊಟ ಸೇರುತ್ತಿರಲಿಲ್ಲ. ಬೆಳಗ್ಗೆಯೇ ಹೋಗಿ ಕೊಳ್ಳುವವರ ಗುಂಪಿನ ಹಿಂದೆ ಉಸಿರು ಬಿಗಿಹಿಡಿದು ನಿಂತರು. ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲಿದ್ದೆ. ಜಗ್ಲೂಲ್ ಕಟ್ಟೆ ಹತ್ತಿದ. ಕತ್ತಿಗೆ ಹೆಂಡತಿಯ ಉಣ್ಣೆಯ ಪಟ್ಟಿ. ಮುಂದೆ ಒಂದು ದೋಣಿಯಷ್ಟು ಬೂತಾಯಿ, ಬುಟ್ಟಿಗಳ ಮೇಲೆ ಬುಟ್ಟಿ. ಅವನು ಎದೆ ತುಂಬ ಗಾಳಿ ತೆಗೆದುಕೊಂಡು ಬೆಲೆ ಕೂಗಿದ.

ನೀರಿನ ಮೇಲಿದ್ದ ಕಡಲ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಬಂದರಿನಲ್ಲಿ ಮೂರು ದೋಣಿಗಳ ಹಗ್ಗ ಕಳಚಿತು. ದನಿ ಇದ್ದ ಹಾಗೆಯೇ ಇತ್ತು. ಒಳಗಿನ ಗಂಟು ಹೋದ ಮೇಲೆ ಜಾಗ ಹೆಚ್ಚಾಗಿ ಇನ್ನಷ್ಟು ಗುಡುಗುತ್ತಿತ್ತು ಎಂದೂ ಹೇಳುವವರಿದ್ದಾರೆ. ಇನ್ಶಿರಾಹ್ ಡಾಕ್ಟರಿಗೆ ಸಂತೋಷ ತಡೆಯಲಾಗಲಿಲ್ಲ. ನಾನಿಲ್ಲಿದ್ದೇನೆ ನೋಡು ಎಂದು ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಜೋರಾಗಿ ಬೀಸಿದರು.

ಹರಾಜಿನಲ್ಲಿ ಕೈ ಎತ್ತುವುದೆಂದರೆ ಏನೆಂದು ಪೇಟೆಯ ಬೆಕ್ಕುಗಳಿಗೂ ಗೊತ್ತು.

"ಹಿಂದಿನ ಸಾಲಿನ ಡಾಕ್ಟ್ರಮ್ಮಂಗೆ," ಎಂದು ಕೂಗಿದ ಜಗ್ಲೂಲ್, "ಎರಡೂ ಕೈಯಲ್ಲಿ ಕೇಳಿದಾರೆ, ಪೂರ್ತಿ ದೋಣಿ."

ಅವರು ಬೇಡವೆಂದು ಕೈ ಆಡಿಸಿದರು. ಅದಕ್ಕೆ ಪಕ್ಕದ ದೋಣಿಯ ಏಡಿಗಳೂ ಬಂದವು. ಆ ವಾರ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳು, ಡಾಕ್ಟರುಗಳು, ಬಾಗಿಲು ಕಾಯುವವನು, ಇನ್ನೊಂದು ಗಳಗಂಡಕ್ಕೆಂದು ಕೈರೋದಿಂದ ಮತ್ತೆ ಯಂತ್ರ ತಂದಿದ್ದ ರುಶ್ದಿ, ಎಲ್ಲರೂ ಮೂರು ಹೊತ್ತೂ ಬೂತಾಯಿ ತಿಂದರು.